ಎರಡೇ ಸೀಟಿನ ಕಾರು

ಒಂದು ಜೊತೆ ಎತ್ತು ಆ ಕಾರನ್ನು ಎಳೆದುಕೊಂಡು ಬಂದು ಮದ್ದೂರಿನ ನನ್ನ ಶೆಡ್ಡಿನ ಮುಂದೆ ನಿಂತಾಗ ರಸ್ತೆಯಲ್ಲಿದ್ದವರೆಲ್ಲ ನಗುತ್ತಿದ್ದರು. ಸ್ಟೀರಿಂಗ್ ಹಿಡಿದು ಕೂತಿದ್ದ ಗೌಡರು ಮಾತ್ರ ಜರಿ ಪೇಟ, ಕರಿ ಕೋಟು ಹಾಕಿಕೊಂಡು ಮೆರವಣಿಗೆಯ ಮದುವಣಿಗನ ಹಾಗೆ ನೆಟ್ಟಗೆ ಮುಂದೆ ನೋಡುತ್ತಿದ್ದರು. ಎತ್ತು ಹೊಡೆಯುತ್ತಿದ್ದ ಆಳು ನಗು ತಡೆಯಲಾರದೆ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡಿದ್ದ.

ನನಗೆ ನಗು ಬರಲಿಲ್ಲ, ಹೊಟ್ಟೆ ಉರಿಯಿತು. ಅಂಥ ಕಾರಿಗೆ ನೊಗ ಕಟ್ಟುವುದೇ? ಬೆಂಗಳೂರಿನ ಗ್ಯಾರೇಜೊಂದರಲ್ಲಿ ಕೆಲಸ ಕಲಿತು, ಮಳವಳ್ಳಿಗೆ ತಿರುಗುವ ದಾರಿಯ ಪಕ್ಕ ಸ್ವಂತಕ್ಕೊಂದು ತಗಡಿನ ಶೆಡ್ಡು ಹಾಕಿಕೊಂಡಿದ್ದ ಕಾಲ ಅದು. ಮೂವತ್ತರ ದಶಕದ ನಡುಭಾಗ. ಹೊಸ ನಾಲೆಯಲ್ಲಿ ನೀರು ಬಂದು ಮಂಡ್ಯದ ಕಡೆಯೆಲ್ಲ ಕಬ್ಬು ಎದ್ದು ನಿಂತಿತ್ತು. ನನ್ನ ಪಾಲಿಗೆ ಬರುತ್ತಿದ್ದುದು ಬಸ್ಸಿನ ಪಂಕ್ಚರು, ಲಾರಿಯ ಮುರಿದ ಸ್ಪ್ರಿಂಗು. ಅದನ್ನೇ ಮಾಡಿ ಮಾಡಿ ಕೈಗೆ ಜಡ್ಡು ಹಿಡಿದಿದ್ದಾಗ ಇದು ಬಂತು.

ಇಂಗ್ಲೆಂಡಿನಲ್ಲಿ ಓಟದ ಶೋಕಿಯವರಿಗೆಂದು ಕೆಲವೇ ಕೆಲವು ಮಾಡಿದ್ದ, ಮೇಲೆ ಚಾವಣಿಯಿಲ್ಲದ, ಎರಡೇ ಸೀಟಿನ ಕಾರು. ಉದ್ದ ಬಾನೆಟ್ಟು, ಹಿತ್ತಾಳೆ ದೀಪಗಳು, ಬಾಗಿಲಿನ ಹೊರಗೆ ಹ್ಯಾಂಡ್ ಬ್ರೇಕು, ದೋಣಿಯ ಹಾಗೆ ಚೂಪಾಗುತ್ತ ಹೋದ ಹಿಂಭಾಗ. ಆ ಹಿಂಭಾಗದ ಮೇಲೊಂದು ಮುಚ್ಚಳ. ಅದನ್ನು ಎತ್ತಿದರೆ ಒಳಗೆ ಇನ್ನೊಬ್ಬರು ಕೂರಬಹುದಾದ ಪುಟ್ಟ ಸೀಟು. ಅದಕ್ಕೆ ಡಿಕ್ಕಿ ಅನ್ನುತ್ತಿದ್ದೆವು. ಮುಚ್ಚಳದ ಕೀಲು ತುಕ್ಕು ಹಿಡಿದು ಬಿಗಿದುಹೋಗಿತ್ತು. ಕಾಫಿ ತೋಟದ ದೊರೆಯೊಬ್ಬ ತನ್ನ ಸೀಮೆಗೆ ವಾಪಸು ಹೊರಟಾಗ ಮೈಸೂರಿನಲ್ಲಿ ಅದನ್ನು ಗೌಡರಿಗೆ ದಾಟಿಸಿದ್ದ. ಮಾಡಿದ ಕಂಪನಿ ಆಗಲೇ ಬಾಗಿಲು ಹಾಕಿಕೊಂಡಿತ್ತು. ಅಂದರೆ ಯಾವ ಸಾಮಾನು ಮುರಿದರೂ ಅದನ್ನು ಇಲ್ಲೇ ಹುಟ್ಟಿಸಬೇಕು.

"ಏನಾಗಿದೆ ಗೌಡ್ರೇ?" ಎಂದೆ.

"ಕುದೀತದೆ ಕಣಯ್ಯಾ ಮೇಸ್ತ್ರಿ. ಎರಡು ಮೈಲಿ ಓದ್ರೆ ಸಾಕು, ಅನ್ನದ ತಪ್ಪಲೆ ಉಕ್ಕಿದಂಗೆ ಉಕ್ತದೆ. ಒಂದು ಏರು ಅತ್ತಾಕಿಲ್ಲ."

ಇಳಿದು, ಕೋಟಿನ ಧೂಳು ಕೊಡವಿಕೊಂಡು, ಆಳು ಎತ್ತುಗಳನ್ನು ನೆರಳಿಗೆ ಕಟ್ಟಲು ಹೋಗುವವರೆಗೂ ಕಾದು ಅವರು ಉಳಿದದ್ದನ್ನು ಹೇಳಿದರು. ಕಿರುಗಾವಲಿನ ಆಚೆಗಿನ ಹಳ್ಳಿಯವರು. ಮನೆಯಲ್ಲಿ ತಾಯಿ, ತಾವು, ಒಬ್ಬ ತಮ್ಮ, ಇನ್ನೂ ಪಾಲಾಗದ ಆಸ್ತಿ. ಹೊಲ ಗದ್ದೆ ನೋಡಿಕೊಳ್ಳುವವನು ತಮ್ಮ. ಅಣ್ಣ ಕಾರಿಗೆ ಸುರಿದ ದುಡ್ಡು ಕಂಡು ಅವನಿಗೆ ರೋಸಿಹೋಗಿತ್ತು. ಇಂಜಿನ್ ಕಿತ್ತು ಆಲೆಮನೆಯ ಗಾಣಕ್ಕೆ ಕಟ್ಟೋಣ, ಕಬ್ಬಾದರೂ ಅರೆಯುತ್ತದೆ ಎಂದು ಹಟ ಹಿಡಿದಿದ್ದ. ಆಗೆಲ್ಲ ಹಳೇ ಕಾರಿನ ಇಂಜಿನ್ನುಗಳು ಹಾಗೆ ಹಿಟ್ಟಿನ ಗಿರಣಿಗೋ ನೀರೆತ್ತುವ ಪಂಪಿಗೋ ಹೋಗಿ ಕೊನೆಯುಸಿರು ಎಳೆಯುತ್ತಿದ್ದವು.

"ಅವ್ವನ ಮುಂದೆ ಮಾತಾಗೋಗದೆ," ಎಂದರು ಗೌಡರು. "ಆಲೆಮನೆ ಊಡೋದ್ರೊಳಗೆ ಇದು ಮದ್ದೂರಿಂದ ನಮ್ಮೂರ್ಗಂಟ ಕುದೀದೆ ಬಂದ್ರೆ ಉಳೀತದೆ. ಇಲ್ದಿದ್ರೆ ಗಾಣಕ್ಕೆ. ನನ್ ಮಾನ ನಿನ್ ಕೈಲದೆ."

"ಉಳಿಸ್ತೀನಿ ಗೌಡ್ರೇ," ಎಂದುಬಿಟ್ಟೆ. ವಯಸ್ಸು ಹಾಗಿತ್ತು. ಬಾನೆಟ್ಟು ಎತ್ತಿ ನೋಡುವುದಕ್ಕೆ ಮುಂಚೆಯೇ ಮಾತು ಕೊಟ್ಟಿದ್ದೆ.

ಎತ್ತಿ ನೋಡಿದ ಮೇಲೆ ಗೊತ್ತಾಯಿತು, ಆನೆ ಸಾಕಿದ ಹಾಗೆ ಇದನ್ನು ಸಾಕುವುದು ಎಂದು. ಕಿಡಿ ಕೊಡುವ ಮ್ಯಾಗ್ನೆಟೊ ಸೊರಗಿತ್ತು. ಕ್ಲಚ್ಚು ಚರ್ಮದ್ದು. ಚರ್ಮ ಒಣಗಿ ಹಪ್ಪಳವಾಗಿ, ಏರು ಬಂದರೆ ಜಾರುತ್ತಿತ್ತು. ಬ್ರೇಕು ಹಿಂದಿನ ಗಾಲಿಗಳಿಗೆ ಮಾತ್ರ, ಅದೂ ಮನಸ್ಸಿದ್ದರೆ ಹಿಡಿಯುತ್ತಿತ್ತು. ವಾಲ್ವುಗಳು ಸುಟ್ಟಿದ್ದವು. ಇಂಜಿನ್ನಿನ ನೀರು ತಣಿಸುವ ರೇಡಿಯೇಟರ್ ನೋಡಿದೆ. ಹೊರಮೈ ಒಣಗಿತ್ತು, ಎಲ್ಲೂ ಸೋರಿದ ತೇವವಿಲ್ಲ.

"ಮೊದ್ಲು ಸೋರ್ತಿತ್ತು," ಎಂದರು ಗೌಡರು. "ಆಮೇಲೆ ತಾನೇ ನಿಂತೋಯ್ತು."

ಒಳ್ಳೆಯದಾಯಿತು, ಒಂದು ಖರ್ಚು ಕಡಿಮೆ ಎಂದುಕೊಂಡು ಮುಂದಕ್ಕೆ ಹೋದೆ. ತಾನಾಗಿ ವಾಸಿಯಾಗುವುದು ದನಕರುಗಳಿಗೆ ಉಂಟು, ಮನುಷ್ಯರಿಗೆ ಉಂಟು. ಯಂತ್ರಕ್ಕಿಲ್ಲ. ಈಗ ಯಾರಾದರೂ ಬಂದು "ತಾನೇ ಸರಿಹೋಯ್ತು" ಎಂದರೆ ಮೊದಲು ಅಲ್ಲೇ ಕೈ ಹಾಕುತ್ತೇನೆ.

ಮ್ಯಾಗ್ನೆಟೊವನ್ನು ಬೆಂಗಳೂರಿಗೆ ಕಳಿಸಿ ಹೊಸ ತಂತಿ ಸುತ್ತಿಸಿದೆ. ಕ್ಲಚ್ಚಿಗೆ ಚರ್ಮ ಬೇಕಲ್ಲ, ಮದ್ದೂರಿನ ಮೋಚಿಯ ಹತ್ತಿರ ಎಮ್ಮೆಯ ತೊಗಲು ಕೊಯ್ಯಿಸಿ, ಹರಳೆಣ್ಣೆಯಲ್ಲಿ ನೆನೆಹಾಕಿ, ಅಳತೆಗೆ ಕೂರಿಸಿದೆ. ವಾಲ್ವುಗಳನ್ನು ಅರೆದು ಹದ ಮಾಡಿದೆ. ಇಂಜಿನ್ನಿನ ತಲೆಗೂ ಮೈಗೂ ನಡುವೆ ಹಾಕುವ ತಾಮ್ರದ ತಗಡು ಸಿಗದೆ ಮದರಾಸಿನಿಂದ ತರಿಸಿ, ಅದನ್ನೂ ಕತ್ತರಿಸಿ ಈ ಇಂಜಿನ್ನಿಗೆ ಒಗ್ಗಿಸಿದೆ. ಒಂದೊಂದಕ್ಕೂ ಗೌಡರು ಬಂದು ಕೋಟಿನ ಜೇಬಿಗೆ ಕೈ ಹಾಕುತ್ತಿದ್ದರು. ಒಮ್ಮೆ ಮಾತ್ರ ನಿಟ್ಟುಸಿರು ಬಿಟ್ಟರು: "ನಮ್ಮವ್ವ ದಿನಾ ಬಯ್ತಾಳೆ ಕಣಯ್ಯಾ. ಇದ್ಕೆ ಸುರಿದಿದ್ರಲ್ಲಿ ಒಂದು ಜೊತೆ ಅಳ್ಳಿಕಾರ್ ಎತ್ತು ಕಟ್ಬೋದಿತ್ತು ಅಂತಾಳೆ. ಈ ತಗಡಿನ್ ಮುಂಡೇದು ನನ್ನ ಮನೆ ತೊಳೀತು ಅಂತಾಳೆ."

"ಡಿಕ್ಕಿಯ ಕೀಲೂ ಬಿಡಿಸಲೇ?" ಎಂದು ಕೇಳಿದೆ.

"ಅದ್ಯಾಕೆ? ಬುಡು. ನನ್ ಪಕ್ಕಕ್ಕೆ ಅಮಲ್ದಾರ್ರೋ ಡಾಕ್ಟ್ರೋ ಕೂರ್ತಾರೆ. ಹಿಂದ್ಗಡೆ ಯಾರ್ ಕೂರ್ತಾರೆ?"

ಪ್ರತಿ ರಿಪೇರಿಯಾದ ಮೇಲೂ ಓಡಿಸಿ ನೋಡುತ್ತಿದ್ದೆ. ಆ ಮಳವಳ್ಳಿ ರಸ್ತೆ! ಎರಡು ಕಡೆ ಹುಣಸೆಮರ, ನಡುವೆ ಮಣ್ಣಿನ ದಾರಿ, ಎದುರಿಗೆ ಎತ್ತಿನ ಗಾಡಿ ಬಿಟ್ಟರೆ ಬೇರೆ ವಾಹನವಿಲ್ಲ. ಮುಖಕ್ಕೆ ಗಾಳಿ ಬಡಿಯುತ್ತಿತ್ತು. ಇಂಜಿನ್ನು ಮೊದಲಿಗಿಂತ ಸೊಗಸಾಗಿ ಹಾಡುತ್ತಿತ್ತು. ಆಮೇಲೆ ಎಷ್ಟೋ ಕಾರು ಓಡಿಸಿದ್ದೇನೆ, ಅಂಥ ಸುಖ ಮತ್ತೆ ಸಿಗಲಿಲ್ಲ. ಆದರೆ ಮೊದಲ ಏರು ಬಂತೋ, ರೇಡಿಯೇಟರಿನ ಮೂತಿಯಿಂದ ಬುಸ್ ಎಂದು ಹಬೆ! ಮ್ಯಾಗ್ನೆಟೊ ಆದ ಮೇಲೂ ಬುಸ್. ವಾಲ್ವು ಆದ ಮೇಲೂ ಬುಸ್. ತಾಮ್ರದ ತಗಡು ಹಾಕಿದ ಮೇಲೆ ಏರಿನ ಅರ್ಧಕ್ಕೆ ಹೋಗಿ ಬುಸ್. ಆ ಹಬೆಗೆ ಹುಳಿಹುಳಿಯಾದ, ಅಂಬಲಿಯಂಥ ವಾಸನೆ ಇರುತ್ತಿತ್ತು. ಊಟದ ಹೊತ್ತು, ಹೊಟ್ಟೆ ಹಸಿದಿದೆ, ಮೂಗು ಆಟ ಆಡುತ್ತಿದೆ ಎಂದುಕೊಂಡು ನಾಲೆಯ ನೀರು ತಂದು ತುಂಬಿಸಿ ವಾಪಸು ಬರುತ್ತಿದ್ದೆ.

ಈ ನಡುವೆ ಒಂದು ಸಂತೆಯ ದಿನ ಗೌಡರ ತಮ್ಮ ಬಂದ. ಮೊಣಕಾಲ ಮೇಲೆ ಪಂಚೆ, ಹೆಗಲ ಮೇಲೆ ಕಂಬಳಿ, ಕಾಲಿಗೆ ಗದ್ದೆಯ ಕೆಸರು. ತಾನು ಯಾರೆಂದು ಹೇಳಿ, ಕಾರಿನ ಸುತ್ತ ಒಂದು ಸುತ್ತು ಬಂದ.

"ಮೇಸ್ತ್ರಿ, ನಿಜ ಏಳು. ಇದ್ರ ಇಂಜಿನ್ ಗಾಣ ತಿರುಗ್ಸ್ತದಾ?"

"ತಿರುಗಿಸ್ತದೆ."

"ಪಕ್ಕದಾಗೆ ಒಂದು ಪೀಪಾಯಿ ನೀರು ಮಡಗಿ ಕೊಳವೆ ಕೊಟ್ರೆ ಕುದಿಯೋ ಗೋಳೂ ಇರಾಕಿಲ್ಲ, ಅಲ್ವಾ?"

ಅದೂ ನಿಜವೇ. ನಿಂತಲ್ಲೇ ಓಡುವ ಇಂಜಿನ್ನಿಗೆ ರೇಡಿಯೇಟರ್ ಬೇಕಿಲ್ಲ. ಹೂಂ ಎಂದೆ. ಅವನು ಸೀಟಿನ ಚರ್ಮದ ಮೇಲೆ ಒಂದು ಸಲ ಕೈಯಾಡಿಸಿದ. ಕೈಯ ಮಣ್ಣು ಅಂಟಿದ್ದು ಕಂಡು ಕಂಬಳಿಯ ಚುಂಗಿನಿಂದ ಒರೆಸಿದ. "ಎರಡು ಜನಕ್ಕೆ ಇಷ್ಟುದ್ದ ಗಾಡಿ! ಒಂದು ಮೂಟೆ ಬೆಲ್ಲ ಇಡ್ಸಾಕಿಲ್ಲ," ಎಂದು ಗೊಣಗಿಕೊಂಡು ಹೊರಟುಹೋದ.

ಕಬ್ಬು ಕಟಾವಿಗೆ ಬಂದಿತ್ತು. ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು. ಮಾಡುವುದೆಲ್ಲ ಮಾಡಿಯಾಗಿದೆ, ಇನ್ನೇನಿದೆ? ಸೋತು ಒಂದು ಬೆಳಿಗ್ಗೆ, ಬೇರೇನೂ ತೋಚದೆ, ರೇಡಿಯೇಟರನ್ನು ಕಾರಿನಿಂದ ಬಿಚ್ಚಿ ಮರಕ್ಕೆ ಒರಗಿಸಿ ಮೇಲಿನಿಂದ ಒಂದು ಕೊಡ ನೀರು ಹೊಯ್ದೆ. ಕೆಳಗಿನ ತೂತಿನಿಂದ ಧೋ ಎಂದು ಬೀಳಬೇಕಾದ ನೀರು ಸೊರ ಸೊರ ಎಂದು ಎಳೆಯಾಗಿ ಬಂತು. ನಾನು ಬೀಡಿ ಹಚ್ಚಿ, ಸೇದಿ ಮುಗಿಸಿದರೂ ಬರುತ್ತಲೇ ಇತ್ತು. ಆ ಕಾರಿಗೆ ನೀರು ತಳ್ಳುವ ಪಂಪಿಲ್ಲ. ಬಿಸಿಯಾದ ನೀರು ತಾನೇ ಮೇಲೇರಿ, ತಣ್ಣಗಾಗಿ ತಾನೇ ಇಳಿಯಬೇಕು. ಇಳಿಯುವ ದಾರಿಯೇ ಕಟ್ಟಿದ್ದರೆ ಕುದಿಯದೆ ಇನ್ನೇನು ಮಾಡೀತು?

ಗೌಡರಿಗೆ ಹೇಳಿಕಳಿಸಿದೆ. ಬಂದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ರೇಡಿಯೇಟರಿನ ಮೇಲಿನ ತೊಟ್ಟಿಯ ಬೆಸುಗೆ ಬಿಡಿಸಿ ತೆಗೆದರೆ ಒಳಗೆ ಏನು ಕಟ್ಟಿದೆ ಎಂದು ಕಾಣುತ್ತದೆ. ಆದರೆ ಒಳಗಿನ ಕೊಳವೆಗಳು ಬಾಳೆಎಲೆಯಷ್ಟು ತೆಳು, ಅದರ ಮೇಲೆ ಹಳೆಯವು. ಬೆಂಕಿಗೆ ಹಿಡಿದಾಗ ಅವು ಕಳಚಿಕೊಂಡರೆ ಮತ್ತೆ ಜೋಡಿಸುವುದಾಗಲಿ ಹೊಸದು ತರುವುದಾಗಲಿ ಆಗದ ಮಾತು. ಆಮೇಲೆ ಇಂಜಿನ್ನು ಗಾಣಕ್ಕೇ. ಬಿಡಿಸದಿದ್ದರೂ ಗಾಣಕ್ಕೇ, ಸ್ವಲ್ಪ ನಿಧಾನ.

ಗೌಡರು ಪೆಟ್ರೋಲ್ ಡಬ್ಬದ ಮೇಲೆ ಕೂತರು. ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಕೊನೆಗೆ, "ಕುಯ್ಯಿ," ಎಂದರು. "ಸತ್ರೆ ನಿನ್ ಕೈಲೇ ಸಾಯ್ಲಿ."

ಕಲಾಯಿ ಸಾಹೇಬರನ್ನು ಕರೆಸಿದೆ. ಮನೆಮನೆಯ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದ ಮುದುಕರು. ಸೀಸ ಕರಗಿಸುವುದರಲ್ಲಿ ಕೈ ಹಗುರ. ಅವರು ತಿದಿ ಒತ್ತಿ ಕಾವು ಕೊಡುತ್ತ ಹೋದರು, ನಾನು ಬೆಸುಗೆ ಸಡಿಲವಾದ ಕಡೆ ತೆಳ್ಳನೆಯ ಉಳಿ ತೂರಿಸುತ್ತ ಹೋದೆ. ಉಸಿರು ಬಿಗಿಹಿಡಿದು ಮಾಡಿದ ಕೆಲಸ. ಒಂದು ಮೂಲೆ, ಇನ್ನೊಂದು ಮೂಲೆ. ತೊಟ್ಟಿ ಕಳಚಿ ಕೈಗೆ ಬಂತು. ಕೊಳವೆಗಳು ಅಲುಗಲಿಲ್ಲ. ದೇವರು ದೊಡ್ಡವನು ಎಂದು ಒಳಗೆ ಬಗ್ಗಿ ನೋಡಿದರೆ, ಕೊಳವೆಗಳ ಬಾಯಿಯ ಮೇಲೆಲ್ಲ ಕಂದು ಬಣ್ಣದ ಗಟ್ಟಿ ಪದರ. ಅದೇ ಹುಳಿ ವಾಸನೆ.

ಸಾಹೇಬರು ಉಗುರಿನಿಂದ ಚೂರು ಕೆರೆದು, ಬೆರಳಲ್ಲಿ ಹೊಸಕಿ, ಮೂಸಿ ನೋಡಿದರು. "ಅರೆ ಮೇಸ್ತ್ರಿ! ರಾಗಿ ಅಲ್ವಾ ಇದು!"

ರಾಗಿಯೇ! ಯಾರೋ ರೇಡಿಯೇಟರಿಗೆ ರಾಗಿ ಹಿಟ್ಟು ಹೊಯ್ದಿದ್ದಾರೆ. ಇಂಜಿನ್ನಿನ ಕಾವಿಗೆ ಅದು ಬೆಂದು, ತೊಳಸಿ, ಒಳಗೇ ಮುದ್ದೆಯಾಗಿ ಕೂತಿದೆ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಅಂತ ಗಾದೆ. ಈ ಮಾರಾಯ ಹಿಟ್ಟು ತಿಂದು ಒಂದು ದಿಬ್ಬ ಹತ್ತಲಾರದೆ ಕೂತಿದ್ದ. ನಾನೂ ಸಾಹೇಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕಣ್ಣೊರೆಸಿಕೊಂಡು ತಿರುಗಿದರೆ ಗೌಡರ ಮುಖ ಕಪ್ಪಿಟ್ಟಿತ್ತು.

"ಇಂಜಿನ್ನಿಗೆ ಏನಾದ್ರೂ ಏಟಾಗಿದ್ಯಾ?" ಎಂದು ಕೇಳಿದರು.

"ಇಲ್ಲ ಗೌಡ್ರೇ. ಇಂಜಿನ್ ಗುಂಡುಕಲ್ಲಿನ ಹಾಗಿದೆ. ಕೆಟ್ಟಿರೋದು ಇದೊಂದೇ."

"ಅಂಗನ್ನು. ಓಡ್ಬಾರ್ದು, ಆದ್ರೆ ಇಂಜಿನ್ ಉಳೀಬೇಕು. ಗಾಣಕ್ಕೆ ಬೇಕಲ್ಲ. ನನ್ನ ಒಡಹುಟ್ಟಿದೋನು ಕಣಯ್ಯಾ! ಬೆನ್ ಮೇಲೆ ಒತ್ಕೊಂಡು ಆಡ್ಸಿದೀನಿ ಅವುನ್ನ. ನೇರ ಬಂದು ಬೇಡ ಕಣಣ್ಣ ಅಂದಿದ್ರೆ ಆಗ್ತಿತ್ತು. ಕದ್ದು ರಾಗಿ ಉಯ್ದನಲ್ಲ!"

ಅವನು ಸಂತೆಯ ದಿನ ಬಂದು ಪೀಪಾಯಿಯ ಮಾತಾಡಿದ್ದು ನನ್ನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಆದರೆ ನನಗೂ ಅವನ ಮೇಲೇ ಅನುಮಾನ. "ನೀನು ಗಾಡಿ ಸರಿ ಮಾಡ್ಕೊಂಡು ಮನೆ ಅಂಗ್ಳಕ್ಕೆ ತಕ್ಕೊಂಡು ಬಾ," ಎಂದರು ಗೌಡರು. "ಊರ ಹಿರೀಕರ್ನ ಕೂರ್ಸಿರ್ತೀನಿ. ಅವತ್ತೇ ಪಾಲು. ಕಾರೂ ಆಯ್ತು, ಮನೇನೂ ಆಯ್ತು."

ಒಂದು ಕಾರು ಉಳಿಸಲು ಹೊರಟವನು ಒಂದು ಮನೆ ಒಡೆಯುವುದಕ್ಕೆ ಕೈ ಹಾಕಿದ ಹಾಗಾಯಿತು. ಕೆಲಸದಲ್ಲಿ ಉತ್ಸಾಹವೇ ಇರಲಿಲ್ಲ, ಆದರೂ ಮಾಡಿದೆ. ಕುದಿನೀರಿಗೆ ಸೋಡಾ ಹಾಕಿ ಮತ್ತೆ ಮತ್ತೆ ತುಂಬಿಸಿ ನೆನೆಸಿದೆ. ತೆಂಗಿನ ಪೊರಕೆಯ ಕಡ್ಡಿ ಒಂದೊಂದಾಗಿ ತೂರಿಸಿ ಕೊಳವೆಗಳನ್ನು ತೊಳೆದೆ. ಇಂಜಿನ್ನಿನ ಒಳಗಿನ ನೀರಿನ ಜಾಗದಿಂದಲೂ ಬೊಗಸೆಗಟ್ಟಲೆ ಮುದ್ದೆ ಬಂತು. ಕೊನೆಗೆ ತಳದಲ್ಲಿ ಒಂದು ಕೂದಲೆಳೆಯ ಬಿರುಕು ಕಂಡಿತು. ಮೊದಲು ಸೋರುತ್ತಿದ್ದುದು ಅಲ್ಲಿಂದ, ರಾಗಿ ಮುಚ್ಚಿದ್ದೂ ಅದನ್ನೇ. ಆಗಲೂ ನನ್ನ ಮಂದ ತಲೆಗೆ ಹೊಳೆಯಲಿಲ್ಲ. ಸಾಹೇಬರು ಬಿರುಕಿಗೆ ಬೆಸುಗೆ ಹಾಕಿದರು. ತೊಟ್ಟಿ ಕೂರಿಸಿದೆವು.

ಹೊರಟ ದಿನ ಬೆಳಗಿನ ಬಿಸಿಲು ಹದವಾಗಿತ್ತು. ಪಕ್ಕದ ಸೀಟಿನಲ್ಲಿ ಹತ್ಯಾರದ ಚೀಲ ಬಿಟ್ಟರೆ ಯಾರೂ ಇಲ್ಲ. ಮೊದಲ ಏರು ಹತ್ತಿತು. ಕಿವಿಗೊಟ್ಟು ಕಾದೆ. ಬುಸ್ ಇಲ್ಲ! ಮಳವಳ್ಳಿಯ ಪೇಟೆ ದಾಟಿತು, ಕಿರುಗಾವಲಿನ ಅಂಗಡಿ ಸಾಲು ದಾಟಿತು, ನೀರು ತಣ್ಣಗೆ ಕೂತಿತ್ತು. ಕುಣಿಯಬೇಕಾಗಿದ್ದವನು ನಾನು. ಆದರೆ ಹಳ್ಳಿ ಹತ್ತಿರವಾದಷ್ಟೂ ನಿಧಾನ ಮಾಡಿದೆ. ಇನ್ನೊಂದು ಸಲ ಕುದಿದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಜಗಲಿಯ ಮೇಲೆ ನಾಲ್ಕೈದು ಹಿರಿಯರು ಕೂತಿದ್ದರು. ಗೌಡರು ಕಂಬಕ್ಕೊರಗಿ ನಿಂತಿದ್ದರು. ಅಂಗಳದ ತುದಿಯಲ್ಲಿ ಅವರ ತಮ್ಮ, ಏನು ನಡೆಯುತ್ತಿದೆ ಎಂದು ತಿಳಿಯದವನ ಹಾಗೆ, ಕಬ್ಬು ಕಡಿಯುವ ಮಚ್ಚು ಮಸೆಯುತ್ತಿದ್ದ. ಅಂಗಳದ ಮೂಲೆಯಲ್ಲಿ ಮೂರು ಕಲ್ಲಿನ ಒಲೆ ಹೂಡಿ ಅವರ ತಾಯಿ ದೊಡ್ಡದೊಂದು ಹೊಸ ಮಡಕೆ ಇಟ್ಟು ಏನೋ ತಿರುವುತ್ತ ಕೂತಿದ್ದರು. ಸಣ್ಣ ದೇಹ, ಹಣೆಯ ತುಂಬ ಸುಕ್ಕು.

"ಕುದೀತಾ?" ಎಂದರು ಗೌಡರು.

"ಇಲ್ಲ ಗೌಡ್ರೇ."

ಅವರ ಮುಖದಲ್ಲಿ ಸಂತೋಷದ ಸುಳಿವಿಲ್ಲ. ತಮ್ಮನ ಕಡೆ ತಿರುಗಿದರು. "ಕೇಳಿಸ್ಕೊಂಡ್ಯೇನ್ಲಾ? ಕುದೀನಿಲ್ಲ. ನೀನು ಉಯ್ದಿದ್ದ ರಾಗೀನೆಲ್ಲ ಕೆರೆದು ತೆಗ್ಸಿದೀನಿ."

"ಯಾವ ರಾಗೀನಣ್ಣ?"

"ನಾಟ್ಕ ಆಡ್ಬೇಡ ಕಣ್ಲಾ! ಕದ್ದು ರೇಡಿಯೇಟ್ರಿಗೆ ರಾಗಿ ಉಯ್ದೋನು ನೀನು. ಗಾಣಕ್ಕೆ ಇಂಜಿನ್ ಬೇಕಿತ್ತು ನಿಂಗೆ!"

ತಮ್ಮ ಮಚ್ಚು ಕೆಳಗಿಟ್ಟು ಎದ್ದು ನಿಂತ. "ನಾನಾ? ನಾನು ಕದಿಯೋನಾ? ಅವ್ವನಾಣೆ ಏಳ್ತೀನಿ..."

ಆ ಹೊತ್ತಿಗೆ ನನ್ನ ಮೂಗಿಗೆ ವಾಸನೆ ಬಡಿಯಿತು. ಈ ಸಲ ಕಾರಿನಿಂದಲ್ಲ, ಒಲೆಯಿಂದ. ಹತ್ತಿರ ಹೋಗಿ ನೋಡಿದೆ. ಹೊಸ ಮಡಕೆಯಲ್ಲಿ ತೆಳ್ಳನೆಯ ರಾಗಿ ಗಂಜಿ ಕುದಿಯುತ್ತಿತ್ತು. ಮಡಕೆಯ ಹೊರಮೈಯಲ್ಲಿ ಬೆವರಿನ ಹಾಗೆ ಜಿನುಗುತ್ತಿದ್ದ ನೀರು ನೋಡುತ್ತಿದ್ದಂತೆ ನಿಲ್ಲುತ್ತಿತ್ತು. ನಮ್ಮಮ್ಮನೂ ಹೊಸ ಮಡಕೆಯನ್ನು ಹೀಗೇ ಪಳಗಿಸುತ್ತಿದ್ದದ್ದು. ಗಂಜಿ ಕುಡಿಸದೆ ಯಾವ ಮಡಕೆಯೂ ನಮ್ಮ ಕಡೆ ಅಡಿಗೆಮನೆಯೊಳಗೆ ಹೋಗುವುದಿಲ್ಲ.

"ಅವ್ವಾ," ಎಂದೆ, ಜಗಲಿಗೆ ಕೇಳುವಷ್ಟು ಗಟ್ಟಿಯಾಗಿ. "ಸೋರೋ ಮೋಟಾರಿಗೂ ನೀವೇ ಗಂಜಿ ಕುಡಿಸಿದ್ರಾ?"

"ಊಂ ಕಣಪ್ಪ. ಯಾಕೆ?" ಎಂದರು ಅವರು, ಸೌಟು ನಿಲ್ಲಿಸದೆ. "ಬೆಳಗಾಗೆದ್ರೆ ಅದ್ರ ಕೆಳ್ಗೆ ನೀರು. ಇವ್ನು ಅದ್ರ ಮುಂದೆ ತಲೆ ಮೇಲೆ ಕೈ ಒತ್ಕೊಂಡು ಕೂತ್ಕತಿದ್ದ. ಎತ್ತ ತಾಯಿಗೆ ನೋಡಾಕಾಯ್ತದಾ? ಅದ್ರ ಬಾಯಿ ತೆಗೆದು ಒಂದು ಚೊಂಬು ಗಂಜಿ ಉಯ್ದೆ. ಸಾಲ್ದು ಅಂತ ಆಮೇಲೆ ಒಂದೆರಡು ಇಡಿ ಇಟ್ಟೂ ಆಕ್ದೆ. ಮಡಕೆ ಆದ್ರೇನು, ಮೋಟಾರಾದ್ರೇನು? ಸೋರೋದು ನಿಲ್ತೋ ಇಲ್ವೋ ಏಳು?"

"ನಿಲ್ತು ಕಣವ್ವ," ಎಂದೆ. ಸುಳ್ಳೇನಲ್ಲವಲ್ಲ.

ಗೌಡರು ಕಂಬ ಬಿಟ್ಟು ಜಗಲಿಯ ಅಂಚಿಗೆ ಕುಸಿದು ಕೂತರು. ಹಿರಿಯರಲ್ಲೊಬ್ಬರು ಕೆಮ್ಮಿದಂತೆ ಮಾಡಿ ನಗು ನುಂಗಿದರು. ತಮ್ಮನ ಕಣ್ಣಲ್ಲಿ ನೀರಿತ್ತು. ಕೋಪವೋ ನಗುವೋ ನನಗೆ ತಿಳಿಯಲಿಲ್ಲ.

"ತಪ್ಪಾಯ್ತು ಕಣ್ಲಾ," ಎಂದರು ಗೌಡರು ನೆಲ ನೋಡುತ್ತ.

"ಬುಡಣ್ಣ," ಎಂದ ತಮ್ಮ. "ಗಾಣಕ್ಕೆ ಎತ್ತೇ ಇರ್ಲಿ."

ಅವ್ವನಿಗೆ ಆಗಷ್ಟೇ ಸಂಗತಿ ತಿಳಿಯತೊಡಗಿತ್ತು. "ಓಹೋ, ನನ್ ಗಂಜಿಗೆ ಪಂಚಾಯ್ತಿ ಸೇರ್ಸಿದೀರಾ?" ಎಂದು ಸೌಟು ಎತ್ತಿದರು. ಗೌಡರು, "ದಿನಾ ಅದುನ್ನ ಬಯ್ತಿದ್ಯಲ್ಲವ್ವ, ನೀನ್ ಇಂಗ್ ಮಾಡ್ತೀಯ ಅಂತ ನಂಗೇನ್ ಗೊತ್ತು?" ಎಂದರು.

"ಬಯ್ತಿದ್ದೆ. ಬಯ್ಯದೆ ಇನ್ನೇನು? ನೀನು ಅಮಲ್ದಾರ್ನ ಕೂರ್ಸ್ಕೊಂಡೆ, ಡಾಕ್ಟ್ರುನ್ನ ಕೂರ್ಸ್ಕೊಂಡೆ, ಕಂಡ್ಕಂಡೋರ್ನೆಲ್ಲ ಕೂರ್ಸ್ಕೊಂಡು ಮೆರೆದೆ. ಒಂದಿನಾನಾದ್ರೂ 'ಅವ್ವ, ಬಾ ಕೂತ್ಕೊ' ಅಂದ್ಯಾ?"

ಗೌಡರು ಎದ್ದರು. ಒಲೆಯ ಹತ್ತಿರ ಹೋಗಿ, ಬಗ್ಗಿ, ತಾಯಿಯ ಕೈಯಿಂದ ಸೌಟು ತೆಗೆದಿಟ್ಟು, ಕೈ ಹಿಡಿದು ಎಬ್ಬಿಸಿ ಕಾರಿನ ಹತ್ತಿರ ಕರೆತಂದರು. ನಾನು ಹತ್ಯಾರದ ಚೀಲ ಎಳೆದುಕೊಂಡು ಬಾಗಿಲು ತೆಗೆದೆ. ಅವ್ವ ಸೀಟನ್ನು ಸೆರಗಿನಿಂದ ಒಂದು ಸಲ ಒರೆಸಿ, ಕಾಲು ಮಡಿಚಿಕೊಂಡು ಕೂತರು. ಗೌಡರು ಸ್ಟೀರಿಂಗ್ ಮುಂದೆ ಕೂತರು. ತಮ್ಮ ದೂರ ನಿಂತು ನೋಡುತ್ತಿದ್ದ. ಗೌಡರು ಅವನ ಕಡೆ ತಿರುಗಿ, ಆಮೇಲೆ ನನ್ನ ಕಡೆ ತಿರುಗಿ, "ಮೇಸ್ತ್ರಿ, ಆ ಹಿಂದಿನ ಮುಚ್ಚಳ ತೆಗೀತದಾ?" ಎಂದರು.

"ನೀವೇ ಬೇಡ ಅಂದಿದ್ರಲ್ಲ," ಎಂದೆ.

ತಮ್ಮ ಆಗಲೇ ಹಾರೆ ತಂದಿದ್ದ. ನಾನು ಕೀಲಿಗೆ ಎಣ್ಣೆ ಬಿಟ್ಟೆ, ಅವನು ಹಾರೆ ಕೊಟ್ಟು ಮೀಟಿದ. ಮುಚ್ಚಳ ಕಿರ್ರೆಂದು ಕೂಗಿ ಎದ್ದಿತು. ಒಳಗೆ ಇಲಿ ಕಡಿದ ಮೆತ್ತೆ. ಅದರ ಮೇಲೆ ಕಂಬಳಿ ಹಾಸಿಕೊಂಡು, ಕೆಸರುಗಾಲಿನಲ್ಲೇ ಹತ್ತಿ ಕೂತ. ನಾನು ಮುಂದೆ ಹೋಗಿ ಸ್ಟಾರ್ಟು ಮಾಡುವ ಹಿಡಿ ತಿರುಗಿಸಿದೆ. ಒಂದೇ ತಿರುವಿಗೆ ಇಂಜಿನ್ನು ಹಾಡಿತು.

ಆ ಕಾರು ಆಮೇಲೆ ಬಹಳ ಕಾಲ ಓಡಿತು. ಎಷ್ಟೋ ಸಲ ನನ್ನ ಶೆಡ್ಡಿಗೂ ಬಂತು. ಈಗ ಅದೂ ಇಲ್ಲ, ಅದರಲ್ಲಿ ಕೂತವರಲ್ಲೂ ಯಾರೂ ಉಳಿದಿಲ್ಲ, ಆ ಹುಣಸೆಮರಗಳೂ ಹೋದವು. ಆದರೆ ಅವತ್ತು ಕಾರು ಅಂಗಳ ದಾಟಿ ಬೀದಿಗೆ ತಿರುಗಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮುಂದೆ ಅಣ್ಣನ ಪೇಟ, ಪಕ್ಕದಲ್ಲಿ ಹಾರುವ ಸೆರಗು, ಹಿಂದೆ ಎರಡೂ ಕೈಯಲ್ಲಿ ಅಂಚು ಹಿಡಿದುಕೊಂಡು ಹಲ್ಲು ಕಿರಿಯುತ್ತಿದ್ದ ತಮ್ಮ. ಜಗಲಿಯ ಹಿರಿಯರೆಲ್ಲ ಎದ್ದು ಬೀದಿಗೆ ಓಡಿದ್ದರು. ತಿರುವಿನಲ್ಲಿ ಅವ್ವ ಹಿಂದಕ್ಕೆ ತಿರುಗಿ ಕೂಗಿದರು:

"ಮೇಸ್ತ್ರೀ, ಗಂಜಿ ಉಕ್ಕೀತು! ನೋಡ್ಕಳಪ್ಪಾ!"

ನಾನು ಚೀಲ ಕೆಳಗಿಟ್ಟು, ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಸೌಟು ಹಿಡಿದೆ.